ಬಾವಿಗೆ ಉಪ್ಪು ಬಂದ ಬೇಸಗೆ

ಆ ಬೆಳಿಗ್ಗೆ ನನ್ನ ಅತ್ತೆ ಗಂಜಿಯ ಬಟ್ಟಲನ್ನು ಮುಂದಕ್ಕೆ ತಳ್ಳಿ, "ಇದಕ್ಕೆ ಎಷ್ಟು ಉಪ್ಪು ಹಾಕಿದ್ದಿ ನೀನು?" ಎಂದು ಕೇಳಿದರು. ಅವರಿಗೆ ಬಿ.ಪಿ. ಇದೆ. ಡಾಕ್ಟರು ಹೇಳಿದ ಮೇಲೆ ಅವರ ಗಂಜಿಗೆ ಉಪ್ಪು ಹಾಕುವುದನ್ನು ಬಿಟ್ಟು ವರ್ಷಗಳೇ ಆಗಿದ್ದವು.

"ಹಾಕಲೇ ಇಲ್ಲ ಮಾಮಿ."

"ಹಾಗಾದರೆ ನನ್ನ ನಾಲಿಗೆ ಸುಳ್ಳು ಹೇಳ್ತದಾ?"

ನಾನು ಒಂದು ಚಮಚ ಬಾಯಿಗೆ ಹಾಕಿಕೊಂಡೆ. ಒಳಗೆ ಹೋಗಿ ಕೊಡಪಾನದ ನೀರನ್ನು ಅಂಗೈಗೆ ಸುರಿದು ಕುಡಿದೆ. ಸಮುದ್ರದ ನೀರಿನಷ್ಟು ಏನಲ್ಲ; ಬೆವರು ತುಟಿಗೆ ಇಳಿದಾಗ ತಿಳಿಯುತ್ತದಲ್ಲ, ಅಷ್ಟು. ಆದರೆ ಆ ರುಚಿ ನನಗೆ ಗೊತ್ತಿತ್ತು. ತೊಗರಿಬೇಳೆ ಎರಡು ದಿನಗಳಿಂದ ಯಾಕೆ ಸರಿಯಾಗಿ ಬೇಯುತ್ತಿಲ್ಲ ಎಂಬುದೂ ಆಗಲೇ ತಿಳಿಯಿತು. ಅಂಗಡಿಯವನಿಗೆ ಬೈದದ್ದು ಸುಮ್ಮನೆ ಆಗಿತ್ತು.

ನಾನು ಹುಟ್ಟಿದ್ದು ನದಿಯ ನಡುವಿನ ಒಂದು ಕುದ್ರುವಿನಲ್ಲಿ. ಸಮುದ್ರ ಸೇರುವ ಮೊದಲು ನದಿ ಎರಡಾಗಿ ಹರಿದು ಮತ್ತೆ ಕೂಡಿಕೊಳ್ಳುವಲ್ಲಿ ಉಳಿದ ಸಣ್ಣ ದ್ವೀಪ. ಸುತ್ತ ಉಪ್ಪುನೀರು, ನಡುವೆ ಮನೆಗೊಂದರಂತೆ ಸಿಹಿನೀರಿನ ಬಾವಿ. ಮಳೆಗಾಲದಲ್ಲಿ ನೆಲ ಕುಡಿದ ನೀರು ಉಪ್ಪುನೀರಿನ ಮೇಲೆ ತೇಲಿಕೊಂಡು ಬೇಸಗೆ ಮುಗಿಯುವವರೆಗೆ ನಮ್ಮನ್ನು ಸಾಕುತ್ತಿತ್ತು. ನಾನು ಹೈಸ್ಕೂಲಿನಲ್ಲಿದ್ದಾಗ ಅಲ್ಲಿಗೆ ಪಂಪುಗಳು ಬಂದವು. ಕುದ್ರುವಿನವರೆಲ್ಲ ಬಸಳೆ, ಅಲಸಂಡೆ, ಸೌತೆ ಬೆಳೆದು ಪೇಟೆಗೆ ಕಳಿಸತೊಡಗಿದರು. ಮಳೆ ತಡವಾದ ಒಂದು ವರ್ಷ, ನೀರು ಕೆಳಗೆ ಹೋದಂತೆ ಒಬ್ಬರಿಗಿಂತ ಒಬ್ಬರು ಆಳಕ್ಕೆ ಪೈಪು ಇಳಿಸಿದರು. ಮೊದಲು ಬೇಳೆ ಬೇಯುವುದು ನಿಧಾನವಾಯಿತು. ಆಮೇಲೆ ಬಸಳೆಯ ಎಲೆಗಳ ಅಂಚು ಬೆಂಕಿ ತಾಗಿದ ಹಾಗೆ ಕಪ್ಪಾಯಿತು. ಮುಂದಿನ ಮಳೆಗಾಲಕ್ಕೆ ಸರಿಹೋಗುತ್ತದೆ ಎಂದುಕೊಂಡೆವು. ಸರಿಹೋಗಲಿಲ್ಲ. ನಾನು ಮದುವೆಯಾಗಿ ಪೇಟೆಯ ಮಣ್ಣಗುಡ್ಡಕ್ಕೆ ಬರುವವರೆಗೂ ನಮ್ಮ ಮನೆಗೆ ಕುಡಿಯುವ ನೀರು ದೋಣಿಯಲ್ಲಿ ಬರುತ್ತಿತ್ತು.

ಮದುವೆಯಾದ ಮನೆಯ ಬಾವಿಯನ್ನು ಮೊದಲ ಸಲ ನೋಡಿದಾಗ ನನಗಾದ ಸಂತೋಷ ಗಂಡನನ್ನು ನೋಡಿದಾಗಲೂ ಆಗಿರಲಿಲ್ಲ ಎಂದು ಹೇಳಿ ಎಲ್ಲರನ್ನೂ ನಗಿಸುತ್ತಿದ್ದೆ. ಕೆಂಪು ಕಲ್ಲಿನ ಅಗಲವಾದ ಬಾವಿ. ಮನೆ ಇರುವುದು ಗುಡ್ಡದ ಎತ್ತರದಲ್ಲಲ್ಲ, ನದಿಯ ಕಡೆಗೆ ಇಳಿಯುವ ಬದಿಯಲ್ಲಿ. ಮಾವ ತೀರಿಕೊಂಡ ಮೇಲೆ ಜಾಗ ನನ್ನ ಗಂಡನಿಗೂ ಅವರ ಅಕ್ಕನಿಗೂ ಪಾಲಾಯಿತು. ಬಾವಿಯನ್ನು ಯಾರಿಗೆ ಕೊಡುವುದು? ಇಬ್ಬರಿಗೂ ಕೊಟ್ಟರು. ಬಾವಿಯ ಬಾಯಿಗೆ ಅಡ್ಡಲಾಗಿ ಕಾಂಕ್ರೀಟಿನ ತೊಲೆ ಇಟ್ಟು, ಅದರ ಮೇಲೆ ಕಾಂಪೌಂಡು ಗೋಡೆ ಎಬ್ಬಿಸಿದರು. ಆಚೆ ಅರ್ಧಚಂದ್ರ, ಈಚೆ ಅರ್ಧಚಂದ್ರ. ಅವರದೊಂದು ಮೋಟಾರು, ನಮ್ಮದೊಂದು ಮೋಟಾರು. ಗೋಡೆ ಇದ್ದದ್ದು ಮೇಲೆ ಮಾತ್ರ. ಬಗ್ಗಿ ನೋಡಿದರೆ ಕೆಳಗೆ ನೀರು ಒಂದೇ.

ಗಂಡನ ಅಕ್ಕನನ್ನು ನಾನೂ ಅಕ್ಕ ಎಂದೇ ಕರೆಯುವುದು. ಭಾವ ಬೇಗ ತೀರಿಕೊಂಡರು. ಅಕ್ಕ ಯಾರ ಮುಂದೆಯೂ ಕೈಯೊಡ್ಡದೆ ತನ್ನ ಪಾಲಿನ ಮನೆಗೆ ಮೇಲೆ ಎರಡು ಮಾಳಿಗೆ ಕಟ್ಟಿಸಿ, ನರ್ಸಿಂಗ್ ಓದುವ ಹುಡುಗಿಯರಿಗೆ ಪಿ.ಜಿ. ವಸತಿ ಮಾಡಿದರು. ಮೂವತ್ತಕ್ಕಿಂತ ಹೆಚ್ಚು ಹುಡುಗಿಯರು, ಹೆಚ್ಚಿನವರು ಕೇರಳದವರು, ಕೆಲವರು ಈಶಾನ್ಯದವರು. ಈಚೆ ನಾನು ಮತ್ತು ಅತ್ತೆ. ನನ್ನ ಗಂಡ ಮಸ್ಕತ್ತಿನಲ್ಲಿ, ವರ್ಷಕ್ಕೊಮ್ಮೆ ಬರುತ್ತಾರೆ. ಮಗಳು ಮದುವೆಯಾಗಿ ಶಕ್ತಿನಗರದಲ್ಲಿ ಇದ್ದಾಳೆ. ನಾನು ಹಗಲು ಕೊಟ್ಟಾರದ ಒಂದು ವಿಮೆ ಆಫೀಸಿಗೆ ಹೋಗಿ ಬರುತ್ತಿದ್ದೆ. ಹೀಗೆ ಅತ್ತೆಯ ಮಗಳು ಗೋಡೆಯ ಆಚೆ, ಸೊಸೆ ಈಚೆ. ಮೀನಿನ ಸಾರು, ಹಲಸಿನ ಹಣ್ಣು ಗೋಡೆಯ ಮೇಲಿಂದ ಹೋಗಿ ಬಂದು ಮಾಡುತ್ತಿದ್ದವು. ಜಗಳ ಎಂದು ಆದದ್ದೇ ಇಲ್ಲ.

ಹಿಂದಿನ ಮಳೆಗಾಲ ವಿಚಿತ್ರವಾಗಿತ್ತು. ಜುಲೈಯಲ್ಲಿ ಆಕಾಶ ಒಡೆದ ಹಾಗೆ ಸುರಿದು ತಗ್ಗಿನ ಮನೆಗಳಿಗೆಲ್ಲ ನೀರು ನುಗ್ಗಿತು. ಆಮೇಲೆ ಯಾರೋ ಬಾಗಿಲು ಹಾಕಿದ ಹಾಗೆ ನಿಂತಿತು. ಸುರಿದದ್ದೆಲ್ಲ ನೆಲಕ್ಕೆ ಇಳಿಯದೆ ಚರಂಡಿ ಹಿಡಿದು ಸಮುದ್ರಕ್ಕೆ ಹೋಯಿತು. ಫೆಬ್ರವರಿಗೇ ಸೆಕೆ ಶುರು. ಏಪ್ರಿಲಿನಲ್ಲಿ ಒಂದೆರಡು ಸಲ ಬರಬೇಕಾದ ಗುಡುಗು ಮಳೆಯೂ ಬರಲಿಲ್ಲ. ಊರಿಗೆ ನೀರು ಕೊಡುವ ಅಣೆಕಟ್ಟು ತಳ ಕಾಣುತ್ತಿದೆ ಎಂದು ಪತ್ರಿಕೆಯಲ್ಲಿ ದಿನವೂ ಫೋಟೋ. ಮೇಲಿನ ಊರುಗಳ ಕೃಷಿಕರು ನದಿಯಿಂದ ಪಂಪು ಮಾಡಬಾರದು ಎಂದು ಸರಕಾರದವರು ಹೇಳಿದರಂತೆ. ಅವರು ನಾವೇನು ಮನುಷ್ಯರಲ್ಲವಾ ಎಂದು ರಸ್ತೆಗೆ ಬಂದರಂತೆ. ನಳ್ಳಿ ನೀರು ದಿನ ಬಿಟ್ಟು ದಿನ ಆಯಿತು, ಆಮೇಲೆ ಮೂರು ದಿನಕ್ಕೊಮ್ಮೆ. ಶಕ್ತಿನಗರದ ಎತ್ತರದಲ್ಲಿದ್ದ ಮಗಳ ಮನೆಗೆ ಬರುವಾಗ ಅದು ಬರೀ ಗಾಳಿ. "ಅಮ್ಮ, ನಿಮಗೆ ಬಾವಿ ಉಂಟು, ಪುಣ್ಯವಂತರು" ಎಂದು ಅವಳು ಫೋನಿನಲ್ಲಿ ಹೇಳಿದ್ದು ಆ ಗಂಜಿಯ ಬೆಳಿಗ್ಗೆಗೆ ಸ್ವಲ್ಪ ಮೊದಲೇ.

ಅಂದೇ ಅಕ್ಕನ ಮನೆಗೆ ಹೋದೆ. ಅವರು ಅಡುಗೆಯವಳ ಜೊತೆ ತರಕಾರಿ ಹೆಚ್ಚುತ್ತಾ ಕೂತಿದ್ದರು.

"ಉಪ್ಪಾ? ನಮ್ಮ ಕಡೆ ಎಂತದೂ ಇಲ್ಲ ಮಾರಾಯ್ತಿ. ನಿನ್ನ ಟ್ಯಾಂಕಿ ತೊಳೆಸು ಒಮ್ಮೆ."

"ಒಂದೇ ಬಾವಿ ಅಲ್ವಾ ಅಕ್ಕ? ಅಲ್ಲಿ ಉಪ್ಪು, ಇಲ್ಲಿ ಸಿಹಿ ಆಗ್ತದಾ?"

ಅವರಿಗೆ ಗೊತ್ತಾಗದಿರಲು ಕಾರಣವಿತ್ತು. ಹುಡುಗಿಯರಿಗೆ ಕುಡಿಯಲು, ಅಡುಗೆಗೆ ಕ್ಯಾನಿನ ನೀರು ಬರುತ್ತಿತ್ತು. ಬಾವಿಯ ನೀರು ಸ್ನಾನಕ್ಕೆ, ಬಟ್ಟೆಗೆ, ಕಕ್ಕಸಿಗೆ. ನಾನು ಹಿತ್ತಿಲ ನಳ್ಳಿಯಿಂದ ಒಂದು ಲೋಟ ತುಂಬಿಸಿ ಕೊಟ್ಟೆ. ಅಕ್ಕ ಬಾಯಿಗೆ ಹಾಕಿ ಅಲ್ಲೇ ಉಗುಳಿದರು. ಮುಖ ಸಣ್ಣದಾಯಿತು. ಆದರೆ ಮಾತು ಮಾತ್ರ ಬೇರೆ ಬಂತು.

"ಬೇಸಗೆಯಲ್ಲಿ ಸ್ವಲ್ಪ ಹೀಗೆ ಆಗ್ತದೆ. ಮಳೆ ಬಂದರೆ ಹೋಗ್ತದೆ."

"ಹೋಗುವುದಿಲ್ಲ ಅಕ್ಕ. ನಾನು ನೋಡಿದ್ದೇನೆ. ಇಬ್ಬರೂ ಮೋಟಾರು ಕಡಿಮೆ ಹಾಕುವ. ಬೆಳಿಗ್ಗೆ ನೀವು ಸ್ವಲ್ಪ ಹೊತ್ತು, ಸಂಜೆ ನಾವು ಸ್ವಲ್ಪ ಹೊತ್ತು. ನಡುವೆ ಬಾವಿಗೆ ನೀರು ಊರಲಿಕ್ಕೆ ಬಿಡುವ."

ಅವರು ಒಪ್ಪಿದರು. ಕೆಲವು ದಿನ ನಡೆಯಿತು ಕೂಡ. ಆಮೇಲೆ ಹುಡುಗಿಯರಿಗೆ ಪರೀಕ್ಷೆ ಬಂತು, ಎಲ್ಲರೂ ಹಗಲಿಡೀ ಮನೆಯಲ್ಲೇ. ಆಚೆಯ ಮೋಟಾರು ಮಧ್ಯಾಹ್ನವೂ ಗುರ್‌ಗುಟ್ಟತೊಡಗಿತು. ಆಫೀಸಿನಿಂದ ಬಂದು ಗೇಟು ತೆಗೆಯುವಾಗಲೇ ನನ್ನ ಕಿವಿ ಆ ಸದ್ದನ್ನು ಹುಡುಕುತ್ತಿತ್ತು. ಸದ್ದಿದ್ದರೆ ಬ್ಯಾಗು ಇಡುವ ಮೊದಲೇ ಬಾವಿಗೆ ಬಗ್ಗಿ ನೋಡುತ್ತಿದ್ದೆ. ಹಿಂದೆಂದೂ ಕಾಣದಿದ್ದ ಕಲ್ಲುಗಳು ಒದ್ದೆಯಾಗಿ ಕಾಣುತ್ತಿದ್ದವು. ಅತ್ತೆ ಜಗಲಿಯಲ್ಲಿ ಕೂತು ಎಲ್ಲವನ್ನೂ ಕೇಳಿಸಿಕೊಂಡು ಏನೂ ಹೇಳುತ್ತಿರಲಿಲ್ಲ. ಮಗಳಿಗೆ ಹೇಳಿದರೆ ಸೊಸೆಯ ಪಕ್ಷ, ಸೊಸೆಗೆ ಹೇಳಿದರೆ ಮಗಳ ಪಕ್ಷ.

ನಾನು ಫೋನಿನಲ್ಲಿ ಗಂಡನಿಗೆ ಹೇಳಿದೆ. ಅವರು ಸ್ವಲ್ಪವೂ ಯೋಚಿಸಲಿಲ್ಲ.

"ನಮ್ಮ ಪೈಪು ಕೆಳಗೆ ಇಳಿಸು. ಅವಳ ಪೈಪಿಗಿಂತ ಕೆಳಗೆ. ಅವಳು ಎಷ್ಟು ಬೇಕಾದರೂ ಎಳೀಲಿ, ಕೊನೆಗೆ ಉಳಿಯುವ ನೀರು ನಮಗೆ ಸಿಗ್ತದೆ."

"ಕೊನೆಗೆ ಉಳಿಯುವುದು ಉಪ್ಪುನೀರು."

"ನಿನಗೆ ನಿನ್ನ ಕುದ್ರುವಿನ ಹೆದರಿಕೆ. ಇಲ್ಲಿ ನಾವು ಸಮುದ್ರದ ನೀರನ್ನೇ ಶುದ್ಧ ಮಾಡಿ ಕುಡೀತೇವೆ, ಗೊತ್ತುಂಟಾ?"

"ಅಲ್ಲಿ ಅದಕ್ಕೆ ಮಷೀನು ಉಂಟು. ಇಲ್ಲಿ ನಾನು ಮತ್ತು ನಿಮ್ಮ ಅಮ್ಮ ಮಾತ್ರ ಇರುವುದು."

ಎರಡು ದಿನ ಬಿಟ್ಟು ಒಬ್ಬ ಪ್ಲಂಬರ್ ಬಂದು ನಿಂತ. ಮಸ್ಕತ್ತಿನಿಂದಲೇ ಫೋನು ಮಾಡಿ ಕಳಿಸಿದ್ದರು. ಹೆಗಲ ಮೇಲೆ ಹೊಸ ಪೈಪು. ನಾನು ಅವನಿಗೆ ಚಹಾ ಕೊಟ್ಟು ವಾಪಸು ಕಳಿಸಿದೆ. ಅಂದಿನಿಂದ ಗಂಡ ನನ್ನ ಜೊತೆ ಮಾತಾಡುವುದನ್ನು ಬಿಟ್ಟು ಅಮ್ಮನ ಫೋನಿಗೆ ಕರೆ ಮಾಡತೊಡಗಿದರು. ಅತ್ತೆ ನನ್ನ ಎದುರಿಗೇ ಅವರಿಗೆ "ಹೂಂ, ಹೂಂ" ಎನ್ನುತ್ತಿದ್ದರು. ಮದುವೆಯಾದ ಇಷ್ಟು ವರ್ಷಗಳಲ್ಲಿ ನಾನು ಇಷ್ಟು ಒಂಟಿಯಾದದ್ದಿಲ್ಲ. ಒಮ್ಮೊಮ್ಮೆ ಹೋಗಿ ಮೋಟಾರಿನ ಹತ್ತಿರ ನಿಂತು, ಪೈಪು ಇಳಿಸಿಬಿಡಲಾ ಎಂದುಕೊಳ್ಳುತ್ತಿದ್ದೆ. ನಾನೊಬ್ಬಳೇ ನೀರು ಉಳಿಸಿ ಯಾರಿಗೆ ಉಳಿಸಿದ ಹಾಗಾಯಿತು?

ಮೇ ತಿಂಗಳ ಒಂದು ಶನಿವಾರ ಬೆಳಿಗ್ಗೆ ಓಣಿಯಲ್ಲಿ ದೊಡ್ಡ ವಾಹನದ ಸದ್ದು ಕೇಳಿತು. ಹೊರಗೆ ಬಂದರೆ ಬೋರ್‌ವೆಲ್ ಲಾರಿ. ಉದ್ದದ ಕಬ್ಬಿಣದ ಕೊಳವೆಗಳನ್ನು ಹೊತ್ತುಕೊಂಡು ಅಕ್ಕನ ಗೇಟಿನ ಕಡೆ ಹಿಂದಕ್ಕೆ ಬರುತ್ತಿತ್ತು. ಗೋಡೆಗೆ ತಾಗುವಂತಿದ್ದ ಅದನ್ನು ಒಬ್ಬ ಕೈಬೀಸಿ ಒಳಗೆ ಕರೆಯುತ್ತಿದ್ದ. ಅಕ್ಕನ ಅಂಗಳದಲ್ಲಿ, ನಮ್ಮ ಬಾವಿಯಿಂದ ಕೂಗಿದರೆ ಕೇಳುವಷ್ಟೂ ದೂರವಿಲ್ಲದ ಕಡೆ, ನೆಲದಲ್ಲಿ ಒಂದು ಕಡ್ಡಿ ಊರಿ ತೆಂಗಿನಕಾಯಿ ಒಡೆದಿದ್ದರು.

ನಾನು ಇದ್ದ ಬಟ್ಟೆಯಲ್ಲೇ ಓಡಿದೆ.

"ಅಕ್ಕ, ಎಂತ ಇದು? ನನಗೆ ಒಂದು ಮಾತು ಹೇಳಬಾರದಿತ್ತಾ?"

"ನನ್ನ ಜಾಗದಲ್ಲಿ ಬೋರು ತೆಗೀಲಿಕ್ಕೆ ನಿನ್ನ ಹತ್ತಿರ ಕೇಳ್ಬೇಕಾ?" ಮಹಡಿಯ ಮೇಲೆ ಹುಡುಗಿಯರು ಸಾಲಾಗಿ ನಿಂತು ನೋಡುತ್ತಿದ್ದರು. "ನೀನೇ ಅಲ್ವಾ ಬಾವಿಯ ನೀರು ಮುಟ್ಟಬೇಡಿ ಎಂದದ್ದು? ಮುಟ್ಟುವುದಿಲ್ಲ. ನನ್ನ ನೀರು ನಾನು ಬೇರೆ ಮಾಡ್ತೇನೆ."

"ಬೇರೆ ಆಗುವುದಿಲ್ಲ ಅಕ್ಕ! ಅಷ್ಟು ಆಳದಿಂದ ಎಳೆದರೆ ಉಪ್ಪು ಮೇಲೆ ಬರ್ತದೆ. ನಿಮ್ಮ ಬೋರೂ ಹೋಗ್ತದೆ, ಬಾವಿಯೂ ಹೋಗ್ತದೆ."

"ಮತ್ತೆ ನಾನು ಎಂತ ಮಾಡ್ಲಿ? ನೀನು ಹೇಳು. ಈ ಮಕ್ಕಳಿಗೆ ಅಟೆಂಡೆನ್ಸ್ ಉಂಟು, ಪರೀಕ್ಷೆ ಉಂಟು. ನೀರಿಲ್ಲ, ಊರಿಗೆ ಹೋಗಿ ಅಂತ ಹೇಳ್ಲಾ? ಡ್ಯೂಟಿ ಮುಗಿಸಿ ಬಂದು ಕೈ ತೊಳೀಲಿಕ್ಕೆ ನೀರಿಲ್ಲ ಅಂದ್ರೆ ಅವರ ಅಪ್ಪ ಅಮ್ಮ ನನ್ನನ್ನು ಕೇಳ್ತಾರೆ, ನಿನ್ನನ್ನಲ್ಲ. ನಿನಗೆ ಬಾಯಿ ಮಾತ್ರ ಉಂಟು. ನಿಮ್ಮಲ್ಲಿ ಇರುವುದು ಇಬ್ಬರು."

ಅವರು ಹೇಳಿದ್ದರಲ್ಲಿ ಒಂದು ಮಾತೂ ಸುಳ್ಳಲ್ಲ. ಲಾರಿಯವನು ಇಂಜಿನ್ ನಿಲ್ಲಿಸಿ ನಮ್ಮಿಬ್ಬರ ಮುಖ ನೋಡುತ್ತಿದ್ದ. ನನಗೆ ಅಳು ಬಂತು. ಅಳುತ್ತಲೇ ಹೇಳಿದೆ: "ಅಕ್ಕ, ಮಧ್ಯಾಹ್ನದವರೆಗೆ ನಿಲ್ಲಿಸಿ. ನನ್ನ ಜೊತೆ ಕುದ್ರುವಿಗೆ ಬನ್ನಿ. ವಾಪಸು ಬಂದ ಮೇಲೆ ನೀವು ತೆಗೆಸಿದರೆ ನಾನು ಮತ್ತೆ ಒಂದು ಮಾತು ಆಡುವುದಿಲ್ಲ."

ಅಕ್ಕ ಒಪ್ಪುತ್ತಾರೆ ಎಂದು ನಾನು ಎಣಿಸಿರಲಿಲ್ಲ. ನನ್ನ ಹಿಂದೆ ಅತ್ತೆ ಯಾವಾಗ ಬಂದು ನಿಂತಿದ್ದರೋ ಗೊತ್ತಿಲ್ಲ. ಗೇಟು ಹಿಡಿದುಕೊಂಡು ಮಗಳಿಗೆ ತುಳುವಿನಲ್ಲಿ, "ಪೋದು ತೂದು ಬಲ" ಎಂದರು. ಹೋಗಿ ನೋಡಿಕೊಂಡು ಬಾ. ಅಷ್ಟೇ. ಇಷ್ಟು ದಿನಗಳಲ್ಲಿ ಅವರು ಬಾವಿಯ ಜಗಳದ ವಿಷಯದಲ್ಲಿ ಬಾಯಿಬಿಟ್ಟದ್ದು ಅದೇ ಮೊದಲು.

ನದಿಯ ದಡದವರೆಗೆ ಆಟೋ ಹಿಡಿದೆವು. ದೋಣಿಯಲ್ಲಿ ಅಕ್ಕ ಎರಡೂ ಕೈಗಳಿಂದ ಅಂಚು ಹಿಡಿದುಕೊಂಡು ಕೂತಿದ್ದರು. ಅವರಿಗೆ ನೀರೆಂದರೆ ಹೆದರಿಕೆ ಎಂದು ನನಗೆ ತಿಳಿದದ್ದೇ ಆಗ. ಕುದ್ರುವಿನಲ್ಲಿ ನನ್ನ ತಮ್ಮ ಈಗಲೂ ತೆಂಗು ನೋಡಿಕೊಂಡು ಇದ್ದಾನೆ. ಮುಂಚೆ ಹೇಳದೆ ಬಂದ ನಮ್ಮನ್ನು ನೋಡಿ ಗಾಬರಿಯಾದ. ನಾನು ಅಕ್ಕನನ್ನು ಸೀದಾ ಹಿತ್ತಿಲಿಗೆ ಕರೆದುಕೊಂಡು ಹೋದೆ. ಬಾವಿ ಹಾಗೆಯೇ ಇತ್ತು, ತುಂಬ ಚಂದದ ಬಾವಿ. ನೀರು ಕೈಗೆ ಸಿಗುವಷ್ಟು ಮೇಲೆ. ಕೊಡ ಇಳಿಸಿ ಎತ್ತಿದೆ. ಅಕ್ಕ ಬೊಗಸೆಯಲ್ಲಿ ತೆಗೆದುಕೊಂಡು ಬಾಯಿಗೆ ಹಾಕಿದರು, ಕೆಮ್ಮಿದರು.

"ಇಷ್ಟು ವರ್ಷ ಆಯ್ತು. ಇನ್ನೂ ಹೀಗೆಯೇ ಉಂಟಾ?" ಎಂದು ತಮ್ಮನನ್ನು ಕೇಳಿದರು.

"ಮಳೆಗಾಲದಲ್ಲಿ ಸ್ವಲ್ಪ ಅಡ್ಡಿಲ್ಲ ಅಕ್ಕ. ಪಾತ್ರೆ ತೊಳೀಬಹುದು. ಅಪ್ಪ ಹೋಗುವವರೆಗೂ ಕಾದ್ರು, ಸರಿಯಾಗ್ತದೆ ಸರಿಯಾಗ್ತದೆ ಅಂತ."

ಅಕ್ಕ ಬಾವಿಯ ಕಟ್ಟೆಯ ಮೇಲೆ ಕೂತರು. ಗೆದ್ದೆ ಎಂದು ನನಗೆ ಅನಿಸಿತ್ತು. ಆದರೆ ವಾಪಸು ಬರುವ ದೋಣಿಯಲ್ಲಿ ಅವರು ಕೇಳಿದ ಪ್ರಶ್ನೆ ನನ್ನನ್ನು ಮತ್ತೆ ಕೆಳಗೆ ಇಳಿಸಿತು.

"ಸರಿ, ಬೋರು ಬೇಡ. ಆದರೆ ನಾಳೆ ಬೆಳಿಗ್ಗೆ ಆ ಮಕ್ಕಳಿಗೆ ಯಾವ ನೀರು ಕೊಡ್ಲಿ? ಅದನ್ನು ನೀನು ಹೇಳ್ಬೇಕು."

ಅಂದು ಮಧ್ಯಾಹ್ನ ಲಾರಿ ಹೋಯಿತು. ಸಂಜೆಯವರೆಗೆ ಅಕ್ಕನ ಊಟದ ಮೇಜಿನಲ್ಲಿ ಕೂತು ನಾವು ಮಾತಾಡಿದೆವು, ಒಮ್ಮೊಮ್ಮೆ ಕೂಗಾಡಿದೆವು. ನಮ್ಮ ಮನೆಯ ನಳ್ಳಿ ನೀರಿನಲ್ಲಿ ಹೆಚ್ಚಿನ ಪಾಲು ಅವರ ತೊಟ್ಟಿಗೆ ಹೋಗಬೇಕು ಎಂದು ನಾನು ಒಪ್ಪಿದೆ. ಬಟ್ಟೆಗಳನ್ನೆಲ್ಲ ಲಾಂಡ್ರಿಗೆ ಕೊಡಿಸುವುದು, ಕಕ್ಕಸಿಗೆ ಟ್ಯಾಂಕರಿನ ನೀರು ತರಿಸುವುದು ಎಂದು ಅವರು ಒಪ್ಪಿದರು. ಬಾವಿಯ ಒಳಗೆ ಒಂದು ಕಲ್ಲಿಗೆ ಬಿಳಿ ಪೇಂಟು ಹಚ್ಚುವುದು, ನೀರು ಅದಕ್ಕಿಂತ ಕೆಳಗೆ ಹೋದ ದಿನ ಯಾರೂ ಮೋಟಾರು ಹಾಕಬಾರದು. ಇಲ್ಲಿಯವರೆಗೆ ಸರಿ. ಸಿಕ್ಕಿಹಾಕಿಕೊಂಡದ್ದು ಸ್ವಿಚ್ಚಿನಲ್ಲಿ. ಎರಡು ಮೋಟಾರು ಇದ್ದರೆ ಯಾರು ಯಾವಾಗ ಹಾಕಿದರು ಎಂಬ ಅನುಮಾನ ತಪ್ಪುವುದಿಲ್ಲ. ಎರಡೂ ಟ್ಯಾಂಕಿಗೆ ಒಂದೇ ಮೋಟಾರು ಸಾಕು ಎಂದೆವು. ಅದರ ಸ್ವಿಚ್ಚು ಯಾರ ಮನೆಯಲ್ಲಿ?

"ನನ್ನಲ್ಲಿ ಇರಲಿ. ಜನ ಹೆಚ್ಚು ಇರುವುದು ನನ್ನಲ್ಲಿ."

"ಅದಕ್ಕೇ ಬೇಡ ಅನ್ನುವುದು, ಅಕ್ಕ."

"ನಿನಗೆ ನನ್ನ ಮೇಲೆ ನಂಬಿಕೆ ಇಲ್ಲ."

"ನನಗೆ ನನ್ನ ಮೇಲೆಯೂ ಇಲ್ಲ."

ಇದನ್ನು ಬಿಡಿಸಿದ್ದು ಎಲೆಕ್ಟ್ರಿಷಿಯನ್ನನಿಗೆ ಫೋನು ಮಾಡಿದಾಗ ಅಕ್ಕನಿಗೇ ಹೊಳೆದ ಉಪಾಯ. ಮೋಟಾರು ಅಕ್ಕನ ಕಡೆ, ಅದರ ಸ್ವಿಚ್ಚೂ ಅಲ್ಲಿಯೇ. ಆದರೆ ಕರೆಂಟು ನಮ್ಮ ಮನೆಯಿಂದ, ನಮ್ಮಲ್ಲಿ ಇನ್ನೊಂದು ಸ್ವಿಚ್ಚು. ಎರಡೂ ಒತ್ತದೆ ನೀರು ಏರುವುದಿಲ್ಲ. ಎಲೆಕ್ಟ್ರಿಷಿಯನ್ ಇಂಥ ಕೆಲಸ ತಾನು ಎಲ್ಲೂ ಮಾಡಿಲ್ಲ ಎಂದು ನಗುತ್ತಲೇ ವಯರು ಎಳೆದ. ನಮಗೆ ನಗು ಬರಲಿಲ್ಲ.

ಅಲ್ಲಿಂದ ಮಳೆ ಬರುವವರೆಗಿನ ದಿನಗಳು ಸುಲಭವಾಗಿರಲಿಲ್ಲ. ಬೆಳಿಗ್ಗೆ ಅಕ್ಕ ಬಾವಿಗೆ ಬಗ್ಗಿ ನೋಡಿ, "ಬಿಳಿ ಕಲ್ಲು ಮುಳುಗಿದೆ, ಹಾಕು" ಎನ್ನುವುದು; ನಾನು ಈಚೆಯಿಂದ ಬಗ್ಗಿ ನೋಡಿ, "ಎಲ್ಲಿ ಮುಳುಗಿದೆ? ಅರ್ಧ ಹೊರಗೆ ಉಂಟು" ಎನ್ನುವುದು. ನಾನು ಆಫೀಸಿಗೆ ಹೋದ ಮೇಲೆ ಸ್ವಿಚ್ಚು ಅತ್ತೆಯ ಕೈಯಲ್ಲಿ. ಮಗಳು ಕೇಳಿದರೆ ತಾಯಿ ಇಲ್ಲ ಎನ್ನುತ್ತಾರೆಯೇ ಎಂದು ಕೊಟ್ಟಾರದಲ್ಲಿ ಕೂತು ನಾನು ಒದ್ದಾಡುತ್ತಿದ್ದೆ. ಒಂದು ದಿನ ಅಕ್ಕನೇ ಸಿಟ್ಟಿನಿಂದ ಹೇಳಿದರು: "ಅಮ್ಮ ನಿನಗಿಂತ ಕಷ್ಟ ಮಾರಾಯ್ತಿ. ನೀನಾದರೆ ಜಗಳವಾದರೂ ಮಾಡ್ತಿ. ಅವರು ಇಲ್ಲ ಅಂತ ಸುಮ್ಮನೆ ತಲೆ ಅಲ್ಲಾಡಿಸ್ತಾರೆ." ಅಂದು ಆಫೀಸಿನಿಂದ ಬರುವಾಗ ಅತ್ತೆಗೆ ಇಷ್ಟವಾದ ಗೋಳಿಬಜೆ ಕಟ್ಟಿಸಿಕೊಂಡು ಬಂದೆ.

ಜೂನ್ ಬಂತು, ಮಳೆ ಬರಲಿಲ್ಲ. ಮೋಡ ಕಟ್ಟುವುದು, ಗಾಳಿ ಬೀಸುವುದು, ಮತ್ತೆ ಬಿಸಿಲು. ಆಗಲೇ ಅದು ನಡೆದದ್ದು.

ಒಂದು ಭಾನುವಾರ ಬೆಳಿಗ್ಗೆ ಆಚೆಯಿಂದ ಓಡಾಟದ ಸದ್ದು, ಯಾರೋ ವಾಂತಿ ಮಾಡುವ ಸದ್ದು. ಹಿಂದಿನ ದಿನ ಬಂದ ಟ್ಯಾಂಕರಿನ ನೀರು ಎಲ್ಲಿಂದ ತುಂಬಿಸಿದ್ದೋ, ಕೆಲವು ಹುಡುಗಿಯರು ಅದರಲ್ಲಿ ಬಾಯಿ ಮುಕ್ಕಳಿಸಿದ್ದರಂತೆ. ಐದಾರು ಮಂದಿಗೆ ಭೇದಿ, ವಾಂತಿ. ಒಬ್ಬಳು ಎದ್ದು ನಿಲ್ಲಲಾಗದೆ ಕುಸಿದಿದ್ದಳು. ಇಬ್ಬರನ್ನು ಆಸ್ಪತ್ರೆಗೆ ಕಳಿಸಿದ್ದರು. ತೊಟ್ಟಿಯಲ್ಲಿದ್ದ ನೀರನ್ನು ಪೂರ್ತಿ ಚೆಲ್ಲಬೇಕಾಗಿತ್ತು. ತೊಳೆಯಲಿಕ್ಕೆ, ಬಟ್ಟೆ ಕುದಿಸಲಿಕ್ಕೆ ಒಂದು ಹನಿ ನೀರಿಲ್ಲ. ನಳ್ಳಿ ನೀರು ಬರುವುದು ಮರುದಿನ.

ನಾನು ಬಾವಿಗೆ ಬಗ್ಗಿ ನೋಡಿದೆ. ಬಿಳಿ ಕಲ್ಲು ಪೂರ್ತಿ ಹೊರಗೆ, ಒಣಗಿಕೊಂಡು ನಿಂತಿತ್ತು.

ತಲೆ ಎತ್ತಿದಾಗ ಗೋಡೆಯ ಆಚೆ ಅಕ್ಕ ನಿಂತಿದ್ದರು. ಕೂದಲು ಕೆದರಿತ್ತು, ಸೀರೆಯ ಮೇಲೆ ಕಲೆ. ನನ್ನನ್ನೇ ನೋಡುತ್ತಿದ್ದರು. ಹಾಕು ಎನ್ನಲಿಲ್ಲ. ನಾನು ಬೈಗುಳಕ್ಕೆ ಸಿದ್ಧವಾಗಿದ್ದೆ, ಜಗಳಕ್ಕೆ ಸಿದ್ಧವಾಗಿದ್ದೆ.

"ಎಷ್ಟು ಬೇಕಾಗ್ತದೆ ಅಕ್ಕ?"

"ತೊಟ್ಟಿ ತೊಳೀಲಿಕ್ಕೆ, ಮತ್ತೆ ಒಂದು ಟ್ಯಾಂಕಿ. ಉಪ್ಪಾದರೂ ಅಡ್ಡಿಲ್ಲ." ಸ್ವಲ್ಪ ತಡೆದು, "ಬೇಡ ಅಂದರೆ ಬೇಡ. ನಾನು ಬೇರೆ ಎಂತಾದರೂ ನೋಡ್ತೇನೆ" ಎಂದರು.

ಬೇರೆ ಏನೂ ಇರಲಿಲ್ಲ ಎಂದು ಇಬ್ಬರಿಗೂ ಗೊತ್ತಿತ್ತು. ನಾನು ಒಳಗೆ ಹೋಗಿ ಸ್ವಿಚ್ಚು ಒತ್ತಿದೆ. ಆಚೆ ಅಕ್ಕ ಒತ್ತಿದ ಮೇಲೆ ಮೋಟಾರು ಎಂದಿಗಿಂತ ಒರಟಾಗಿ ಕೂಗಿತು. ನೀರಿನ ಜೊತೆ ಕೆಸರೂ ಬಂತು. ನಾನು ಬಾವಿಯ ಕಟ್ಟೆಯ ಹತ್ತಿರ ನಿಂತು ನೀರು ಇಳಿಯುವುದನ್ನು ನೋಡುತ್ತಲೇ ಇದ್ದೆ. ಟ್ಯಾಂಕಿ ತುಂಬುವ ಮೊದಲೇ ಮೋಟಾರು ನಿಂತಿತು. ನಾನು ನಿಲ್ಲಿಸಿದ್ದಲ್ಲ. "ಸಾಕು, ಇಷ್ಟರಲ್ಲಿ ಮಾಡ್ತೇನೆ" ಎಂದು ಆಚೆಯಿಂದ ದನಿ ಬಂತು.

ಮರುದಿನದಿಂದ ಬಾವಿಯ ನೀರು ಬಾಯಿಗೆ ಹಾಕಲಾಗದಷ್ಟು ಉಪ್ಪಾಯಿತು. ಸೋಪು ನೊರೆ ಬರುತ್ತಿರಲಿಲ್ಲ. ಸ್ನಾನ ಮಾಡಿದರೆ ಮೈ ಅಂಟು ಅಂಟು. ಅಂಗಳದ ಮಲ್ಲಿಗೆ ಗಿಡದ ಎಲೆ ಮುರುಟಿತು. ಎರಡೂ ಮನೆಯವರು ಅದರಲ್ಲೇ ಮಿಂದೆವು. ಆಸ್ಪತ್ರೆಗೆ ಹೋದ ಹುಡುಗಿಯರು ಚೇತರಿಸಿಕೊಂಡು ವಾಪಸು ಬಂದರು. ಅವರಲ್ಲಿ ಒಬ್ಬಳು ನಮ್ಮ ಮನೆಗೆ ಬಂದು ಅತ್ತೆಯ ಬಿ.ಪಿ. ನೋಡಿ, "ಅಮ್ಮಮ್ಮ, ಸೂಪರ್ ಉಂಟು" ಎಂದು ತನ್ನ ಹರಕು ಕನ್ನಡದಲ್ಲಿ ಹೇಳಿದಳು. ಅತ್ತೆ ಅವಳ ಗಲ್ಲ ಸವರಿದರು.

ನನ್ನ ಒಳಗೆ ಮಾತ್ರ ಭಯ ಕೂತಿತ್ತು. ಕುದ್ರುವಿನ ಬಾವಿಯ ಹಾಗೆ ಇದೂ ಆಯಿತಾ? ಆ ಒಂದು ದಿನದಲ್ಲಿ ಆಗಬಾರದ್ದು ಆಗಿಹೋಯಿತಾ? ಗಂಡ ಫೋನಿನಲ್ಲಿ ಮತ್ತೆ ನನ್ನ ಜೊತೆ ಮಾತಾಡತೊಡಗಿದ್ದರು. ನಡೆದದ್ದನ್ನು ಹೇಳಿದಾಗ, "ನಾನಾದರೂ ಹಾಕುತ್ತಿದ್ದೆ" ಎಂದರು. ಇಷ್ಟು ಸಾಕಾಗಿತ್ತು ನನಗೆ.

ಮಳೆ ಬಂದದ್ದು ಜೂನ್ ಕೊನೆಗೆ. ಬಂದದ್ದೂ ಹಿಂದಿನ ವರ್ಷದ ಹಾಗೆಯೇ, ಒಮ್ಮೆಲೇ ಎಲ್ಲವನ್ನೂ ಸುರಿದುಬಿಡುವ ಹಾಗೆ. ಈ ಸಲ ಅದನ್ನು ಚರಂಡಿಗೆ ಹೋಗಲು ನಾವು ಬಿಡಲಿಲ್ಲ. ಮೊದಲ ಮಳೆಗೆ ಮುಂಚೆಯೇ ಎರಡೂ ಮನೆಗಳ ಮಾಡಿನಿಂದ, ಎಂದರೆ ಛಾವಣಿಯಿಂದ, ಪೈಪು ಎಳೆಸಿ, ಮರಳು ಇದ್ದಿಲು ತುಂಬಿದ ಡ್ರಮ್ಮಿನ ಮೂಲಕ ನೀರು ಬಾವಿಗೆ ಬೀಳುವಂತೆ ಮಾಡಿಸಿದ್ದೆವು. ಅಕ್ಕನ ಮಾಡು ನಮ್ಮದಕ್ಕಿಂತ ದೊಡ್ಡದು. "ನೋಡು, ನನ್ನ ಕಡೆಯಿಂದಲೇ ಹೆಚ್ಚು ಬೀಳುವುದು" ಎಂದು ಅವರು ಕೊಡೆ ಹಿಡಿದು ನಿಂತು ಹೇಳಿದರು. ಆ ವಾರ ಬಾವಿ ಕಣ್ಣೆದುರಿಗೇ ತುಂಬಿತು. ಆದರೆ ಉಪ್ಪು ಬಿಡಲಿಲ್ಲ. ತುಳುವರ ಆಟಿ ತಿಂಗಳು ಕಳೆಯಿತು, ಅಷ್ಟಮಿ ಬಂತು, ಆಗಲೂ ನಾಲಿಗೆಯ ಕೊನೆಗೆ ಏನೋ ತಾಗುತ್ತಿತ್ತು. ನಾನು ರುಚಿ ನೋಡುವುದನ್ನೇ ಬಿಟ್ಟೆ. ನವರಾತ್ರಿಯ ಹೊತ್ತಿಗೆ ಒಂದು ದಿನ ಆಫೀಸಿನಿಂದ ಬಂದಾಗ ಅತ್ತೆ ಕೊಟ್ಟ ಚಹಾ ಚೆನ್ನಾಗಿತ್ತು. ಯಾವ ನೀರು ಎಂದು ಕೇಳಿದೆ. "ಬಾವಿದು" ಎಂದರು. ನಾನು ಅಡುಗೆಮನೆಯ ಬಾಗಿಲಲ್ಲೇ ಕೂತುಬಿಟ್ಟೆ.

ಕಥೆ ಅಲ್ಲಿಗೆ ಮುಗಿಯಬಹುದಿತ್ತು. ಆದರೆ ನಮ್ಮ ಮನೆಗಳ ಹಿಂಬದಿಯ ಜಾಗದಲ್ಲಿ ಅಷ್ಟರಲ್ಲಿ ಒಂದು ಅಪಾರ್ಟ್‌ಮೆಂಟು ಎದ್ದಿತ್ತು. ಜನ ಬಂದು ವಾಸ ಶುರುಮಾಡಿದ ಕೂಡಲೇ ಅಲ್ಲಿ ಎರಡು ಬೋರ್‌ವೆಲ್ ಎಂದು ಗೊತ್ತಾಯಿತು. ಡಿಸೆಂಬರಿನಲ್ಲೇ ನಮ್ಮ ಬಾವಿ ಇಳಿಯತೊಡಗಿತು. ನಾವು ಮೋಟಾರು ಹಾಕದ ದಿನವೂ ಇಳಿಯುತ್ತಿತ್ತು.

"ಈಗ ಎಂತ ಮಾಡುವುದು ಅಕ್ಕ? ಅವರನ್ನು ಕುದ್ರುವಿಗೆ ಕರ್ಕೊಂಡು ಹೋಗ್ಲಿಕ್ಕೆ ಆಗ್ತದಾ?"

"ಯಾಕೆ ಆಗುವುದಿಲ್ಲ? ಮೊದಲು ಹೋಗಿ ಮಾತಾಡುವ. ನೀನು ಅಳಬೇಡ ಮಾತ್ರ."

ಒಂದು ಭಾನುವಾರ ಸಂಜೆ ಅವರ ಸಂಘದ ಸಭೆ ನಡೆಯುವಾಗ ನಾವಿಬ್ಬರೂ ಹೋದೆವು. ಒಳ್ಳೆಯ ಜನ, ಕುರ್ಚಿ ಕೊಟ್ಟರು, ಜ್ಯೂಸು ಕೊಟ್ಟರು. ಕಾರ್ಯದರ್ಶಿ ನನ್ನ ಮಗಳ ವಯಸ್ಸಿನ ಹೆಂಗಸು. ನಾನು ಬಾವಿಯ ವಿಷಯ ಹೇಳಿದಾಗ ಅವಳು ಸಹಾನುಭೂತಿಯಿಂದ ಕೇಳಿ, "ಆಂಟಿ, ನಮ್ಮ ಬೋರು ತುಂಬಾ ಡೀಪ್ ಉಂಟು. ನಿಮ್ಮ ಬಾವಿಗೂ ಅದಕ್ಕೂ ಸಂಬಂಧ ಇರ್ಲಿಕ್ಕಿಲ್ಲ" ಎಂದಳು. ಉಳಿದವರು ತಲೆ ಆಡಿಸಿದರು.

ಅಕ್ಕ ಕುರ್ಚಿಯನ್ನು ಮುಂದಕ್ಕೆ ಎಳೆದುಕೊಂಡರು. ನನ್ನ ಮುಖ ನೋಡದೆ, ಅವರೆಲ್ಲರಿಗೂ ಹೇಳಿದರು: "ನಾನೂ ಹಾಗೇ ಹೇಳಿದ್ದು. ಬೋರಿನ ಲಾರಿ ನನ್ನ ಅಂಗಳದಲ್ಲಿ ನಿಂತಿತ್ತು. ಕೂತ್ಕೊಳ್ಳಿ, ನಿಧಾನ ಹೇಳ್ತೇನೆ."

ಅಂದು ಏನೂ ತೀರ್ಮಾನವಾಗಲಿಲ್ಲ. ಮೂರನೆಯ ಸಲ ಹೋದಾಗ, ಎರಡರಲ್ಲಿ ಒಂದು ಬೋರನ್ನು ಮಾರ್ಚಿನಿಂದ ಮಳೆಯವರೆಗೆ ಮುಚ್ಚಿಡುತ್ತೇವೆ, ಮಾಡಿನ ನೀರನ್ನು ನೆಲಕ್ಕೆ ಇಳಿಸುತ್ತೇವೆ ಎಂದು ಒಪ್ಪಿದರು. ಮುಚ್ಚಿದ್ದಾರೋ ಇಲ್ಲವೋ ನೋಡಲು ನಮಗೆ ಯಾವ ಸ್ವಿಚ್ಚೂ ಇಲ್ಲ. ಆ ಕಾರ್ಯದರ್ಶಿ ಹುಡುಗಿ ಕಳೆದ ವಾರ ತಾನಾಗಿಯೇ ಬಂದು, ಅವರ ನೀರು ಯಾಕೋ ಸ್ವಲ್ಪ ಬೇರೆ ರುಚಿ ಉಂಟು, ಒಮ್ಮೆ ನೋಡ್ತೀರಾ ಆಂಟಿ ಎಂದು ಬಾಟಲಿ ಕೊಟ್ಟಳು. ಅಕ್ಕ ಮತ್ತು ನಾನು ಸರದಿಯಲ್ಲಿ ಕುಡಿದು ನೋಡಿದೆವು. ಉಪ್ಪು ಹೌದು ಎನ್ನಲೂ ಆಗದಷ್ಟು, ಇಲ್ಲ ಎನ್ನಲೂ ಆಗದಷ್ಟು. ಇನ್ನೊಂದು ಬೋರನ್ನೂ ದಿನಕ್ಕೆ ಸ್ವಲ್ಪ ಹೊತ್ತು ನಿಲ್ಲಿಸಿ ನೋಡಿ ಎಂದೆವು. ಅವಳು ಬಾಟಲಿ ತೆಗೆದುಕೊಂಡು, ಇವತ್ತೇ ಸಭೆ ಕರೀತೇನೆ ಎಂದು ಅವಸರದಲ್ಲಿ ಹೋದಳು.